ಈ ಮಳೆ ಎಲ್ಲಿ ಬೀಳ್ತಾ ಇದ್ದು?

ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ನಮ್ಮ ನಿಲ್ಕುಂದದ ಮಳೆಗಾಲ ನಿಮಗೆ ಗೊತ್ತಲ್ಲ, ಮಳೆ ಬಂದರೆ ಕರೆಂಟು ಹೋಗುತ್ತೆ, ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತೆ. ಆದರೆ ಈ ಸಲ ಅದೊಂದೇ ನೆಪ ಅಲ್ಲ. ನಾನು ಸದ್ದು ಹುಡುಕ್ತಾ ಇದ್ದೆ. ಹೌದು, ಸದ್ದು :-)

ನಮ್ಮ ಅಕ್ಕನ ಮಗನಿಗೆ ಹುಟ್ಟಿದಾಗಿಂದ ಕಣ್ಣು ಕಾಣಿಸುವುದಿಲ್ಲ. ಈಗ ಹದಿನೇಳು ವರ್ಷ. ಕಂಪ್ಯೂಟರ್ ಮಾತ್ರ ನನಗಿಂತ ಚೆನ್ನಾಗಿ ಬರುತ್ತೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅಂತ ಒಂದು ಉಚಿತ ತಂತ್ರಾಂಶ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ, ತಾನೇ ಕಣ್ಣು ಕಾಣದ ಹುಡುಗ ಶುರು ಮಾಡಿದ್ದು. ಕನ್ನಡವನ್ನೂ ಓದುತ್ತೆ. ಅದರ ಆ ಲೋಹದ ದನಿ ನನಗೆ ಎರಡು ನಿಮಿಷಕ್ಕೇ ತಲೆನೋವು ತರುತ್ತೆ, ಮಾಣಿ ಅದನ್ನು ಮೂರು ಪಟ್ಟು ವೇಗದಲ್ಲಿ ಕೇಳ್ತಾನೆ. ಅವನು ಆಡುವ ಆಟಗಳಲ್ಲಿ ಚಿತ್ರವೇ ಇಲ್ಲ. ಪರದೆ ಕಪ್ಪು. ಹೆಡ್‌ಫೋನ್ ಹಾಕಿಕೊಂಡು, ಬಾಗಿಲು ಎಡಕ್ಕಿದೆಯೋ ಬಲಕ್ಕಿದೆಯೋ, ಶತ್ರು ಎಷ್ಟು ದೂರದಲ್ಲಿದ್ದಾನೋ ಎಲ್ಲ ಕಿವಿಯಲ್ಲೇ ತಿಳಿದು ಆಡಬೇಕು. ಆಡಿಯೋ ಗೇಮ್ ಅಂತಾರೆ.

ಈ ಮಳೆಗಾಲ ಅವನೇ ಒಂದು ಆಟ ಮಾಡ್ತೇನೆ ಅಂತ ಹೊರಟ. ಕಥೆ ಸರಳ. ಸಂಜೆ ಎಮ್ಮೆ ಮನೆಗೆ ಬಂದಿಲ್ಲ. ಮಳೆ. ತೋಟ ದಾಟಿ, ಸಂಕ ದಾಟಿ, ಬೆಟ್ಟ ಹತ್ತಿ, ಅದರ ಕೊರಳ ದೊಂಟೆ ಸದ್ದು ಹಿಡಿದು ಹುಡುಕಿ ಹೊಡೆದುಕೊಂಡು ಬರಬೇಕು. ಲೆಕ್ಕಾಚಾರದ ಕೆಲಸವೆಲ್ಲ ಅವನದು, ಸದ್ದು ಒದಗಿಸುವ ಕೆಲಸ ಮಾವನದು ಅಂತ ಒಪ್ಪಂದ ಆಯ್ತು. ಅದರಲ್ಲೇನಿದೆ, ಅರ್ಧ ದಿನದ ಕೆಲಸ ಅಂದುಕೊಂಡೆ. ಇಂಟರ್‌ನೆಟ್ಟಿನಲ್ಲಿ ಒಂದು ಒಳ್ಳೆಯ ಮಳೆ ಹುಡುಕಿ ಇಳಿಸಿಕೊಂಡು ಕೊಟ್ಟೆ. ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಮಾವಾ, ಈ ಮಳೆ ಎಲ್ಲಿ ಬೀಳ್ತಾ ಇದ್ದು?"

"ಎಲ್ಲಿ ಅಂದ್ರೆ? ನೆಲದ ಮೇಲೆ."

"ಯಾವ ನೆಲ? ಹಂಚಿನ ಮೇಲೋ, ತೋಟದಲ್ಲೋ, ಗದ್ದೆಲೋ? ಎಂತದೂ ಗೊತ್ತಾಗ್ತಿಲ್ಲೆ. ಹಪ್ಪಳ ಕರದಂಗೆ ಕೇಳ್ತು."

ಮತ್ತೊಮ್ಮೆ ಕಣ್ಣು ಮುಚ್ಚಿ ಕೇಳಿದೆ. ನಿಜ, ಹಪ್ಪಳವೇ! ಆಮೇಲೆ ಈ ಸದ್ದು ಹುಡುಕುವ ಕೆಲಸದ ಇತಿಹಾಸ ಏನಿದೆ ಅಂತ ಓದ್ತಾ ಹೋದೆ. ಅದನ್ನೇ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮ ಕಡೆಯವರಿಗೆ ಕಿವಿಯಲ್ಲೇ ಆಟ ನೋಡುವುದು ಹೊಸತೇನಲ್ಲ. ಮಳೆಗಾಲದಲ್ಲಿ ಬಯಲಾಟ ನಿಂತ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ತಾಳಮದ್ದಳೆ ಆಗುತ್ತಲ್ಲ, ಅದೇನು ಮತ್ತೆ? ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಶಲ್ಯದಲ್ಲಿ ಎದುರುಬದುರು ಕೂತವರೇ ಕೃಷ್ಣ, ಅವರೇ ಕೌರವ. ರಥ ಓಡುವ ಸದ್ದನ್ನು ಅಲ್ಲಿ ಯಾರೂ ಮಾಡುವುದಿಲ್ಲ. ಅರ್ಥಧಾರಿ ರಥ ಅಂದರೆ ರಥ, ಕಾಡು ಅಂದರೆ ಕಾಡು. ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕಣ್ಣು ಮುಚ್ಚಿ ಕೂತವನಿಗೆ ಏನೂ ತಪ್ಪಿಹೋಗುವುದಿಲ್ಲ. ನಮ್ಮ ಮಾಣಿ ಬೆಳೆದದ್ದೇ ಅಂಥ ಜಗಲಿಯಲ್ಲಿ.

ರೇಡಿಯೋ ನಾಟಕ ಬಂದಾಗ ಮಾತಿನ ಜತೆಗೆ ಸದ್ದೂ ಬಂತು. ರೇಡಿಯೋಗಾಗಿಯೇ ಬರೆದ ಮೊದಲ ನಾಟಕ ಅಂತ ಸಾಮಾನ್ಯವಾಗಿ ಹೇಳುವುದು ರಿಚರ್ಡ್ ಹ್ಯೂಸ್ ಬರೆದ 'ಎ ಕಾಮೆಡಿ ಆಫ್ ಡೇಂಜರ್'. 1924ರ ಜನವರಿಯಲ್ಲಿ ಬಿಬಿಸಿಯವರು ಲಂಡನ್ನಿನಿಂದ ಪ್ರಸಾರ ಮಾಡಿದರು. ಕಥೆ ನಡೆಯುವುದು ಎಲ್ಲಿ ಅಂತೀರಿ? ದೀಪ ಆರಿಹೋದ ಕಲ್ಲಿದ್ದಲ ಗಣಿಯೊಳಗೆ! ಪಾತ್ರಗಳಿಗೂ ಏನೂ ಕಾಣುವುದಿಲ್ಲ, ಕೇಳುಗನಿಗೂ ಕಾಣುವುದಿಲ್ಲ. ಎಂಥ ಉಪಾಯ ನೋಡಿ. ಮೊದಲ ರೇಡಿಯೋ ನಾಟಕವೇ ಕತ್ತಲಲ್ಲಿ ಹುಟ್ಟಿತು ಅಂದಾಗ ಮಾಣಿಗೆ ಖುಷಿಯಾಯ್ತು.

ಅದಾಗಿ ಹನ್ನೊಂದು ವರ್ಷಕ್ಕೆ, 1935ರ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋದದ್ದು. ನಮ್ಮ ಸೀಮೆಗೆ ರೇಡಿಯೋ ಅಂದರೆ ಧಾರವಾಡ. 1950ರ ಜನವರಿ 8ಕ್ಕೆ ಆ ನಿಲಯ ಶುರುವಾಯ್ತು. ನಾನು ಹುಡುಗನಾಗಿದ್ದಾಗ ರಾತ್ರಿ ನಾಟಕ ಬರುವ ಹೊತ್ತಿಗೆ ಅಪ್ಪಯ್ಯ ಟ್ರಾನ್ಸಿಸ್ಟರನ್ನು ಕಿಟಕಿ ಹತ್ತಿರ ಇಟ್ಟು ಅದರ ಕಡ್ಡಿ ತಿರುಗಿಸ್ತಾ ಕೂರುತ್ತಿದ್ದ. ಸೆಲ್ ಬಿಸಿಲಿಗೆ ಕಾಯಿಸಿ ಹಾಕಿದ್ದು ನಿಮಗೂ ನೆನಪಿರಬೇಕು. ಬಾಗಿಲು ಕಿರ್‌ರ್ ಅಂದರೆ ನಮಗೆಲ್ಲ ಮೈ ಜುಮ್ ಅನ್ನುತ್ತಿತ್ತು.

ಆ ಸದ್ದುಗಳನ್ನೆಲ್ಲ ಹೇಗೆ ಮಾಡುತ್ತಿದ್ದರು ಅನ್ನುವುದು ಒಂದು ಮಜದ ಕಥೆ. ಗೆರಟೆಯ ಎರಡು ಹೋಳು ಕುಟ್ಟಿದರೆ ಕುದುರೆ. ದೊಡ್ಡ ತಗಡಿನ ಹಾಳೆ ತೂಗುಹಾಕಿ ಅಲ್ಲಾಡಿಸಿದರೆ ಗುಡುಗು. ಜರಿಕಾಗದ ಮುದುರಿದರೆ ಬೆಂಕಿ. ಪೆಟ್ಟಿಗೆಯಲ್ಲಿ ಜಲ್ಲಿ ತುಂಬಿ ಅದರ ಮೇಲೆ ನಿಂತಲ್ಲೇ ಹೆಜ್ಜೆ ಹಾಕಿದರೆ ಯಾರೋ ಅಂಗಳ ದಾಟಿ ಬಂದ ಹಾಗೆ. ಸ್ಟುಡಿಯೋದೊಳಗೆ ಎಲ್ಲಿಗೂ ಹೋಗದ ಒಂದು ಬಾಗಿಲು, ಅದಕ್ಕೊಂದು ಚಿಲಕ! ಸಿನೆಮಾದಲ್ಲಿ ಈ ಕೆಲಸಕ್ಕೆ ಜಾಕ್ ಫೋಲಿ ಅನ್ನುವವನ ಹೆಸರೇ ಅಂಟಿಕೊಂಡಿದೆ. ಯೂನಿವರ್ಸಲ್ ಕಂಪನಿಯವನು. 1929ರ 'ಶೋ ಬೋಟ್' ಚಿತ್ರಕ್ಕೆ, ಚಿತ್ರ ನೋಡುತ್ತಲೇ ಸದ್ದು ಮಾಡಿ ಸೇರಿಸಿದ್ದರಿಂದ ಅವನ ಪದ್ಧತಿ ಹೆಸರಾಯ್ತು. ಈಗಲೂ ಹೆಜ್ಜೆ ಸದ್ದು ಹಾಕುವುದಕ್ಕೆ 'ಫೋಲಿ' ಅಂತಲೇ ಅನ್ನುವುದು.

ಆದರೆ ಇದೆಲ್ಲ ನಡೆಯುತ್ತಿದ್ದುದು ಜತೆಗೆ ಬೇರೆ ಆಸರೆ ಇದ್ದದ್ದರಿಂದ ಅಂತ ನನಗೆ ಅನ್ನಿಸುತ್ತೆ. ಸಿನೆಮಾದಲ್ಲಿ ಕುದುರೆ ಕಾಣುತ್ತೆ, ಹಾಗಾಗಿ ಗೆರಟೆ ಕುದುರೆಯಾಗುತ್ತೆ. ರೇಡಿಯೋದಲ್ಲಿ ಯಾರಾದರೊಬ್ಬರು "ಅಯ್ಯೋ ಎಂಥಾ ಮಳೆ, ಒಳಗೆ ಬನ್ನಿ" ಅಂದೇ ಅನ್ನುತ್ತಾರೆ. ಅಂದ ಕೂಡಲೇ ಹಪ್ಪಳವೂ ಮಳೆಯೇ. ಆಡಿಯೋ ಗೇಮಿನಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಸದ್ದೇ ಹೇಳಬೇಕು. ಆ ಸದ್ದು ಸುಳ್ಳಾದರೆ ಆಡುವವನು ಸಂಕದಿಂದ ಕೆಳಗೆ ಬೀಳ್ತಾನೆ, ಅಷ್ಟೇ.

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಕಂಪ್ಯೂಟರಿನದಲ್ಲ, ಕ್ರಿಕೆಟ್ಟಿನದು. 1922ರಲ್ಲಿ ಮೆಲ್ಬರ್ನಿನ ಕಾರ್ಖಾನೆಯೊಂದರ ಕಣ್ಣು ಕಾಣದ ಇಬ್ಬರು ಕೆಲಸಗಾರರು ಡಬ್ಬಿಯೊಳಗೆ ಕಲ್ಲು ಹಾಕಿ ಅದನ್ನೇ ಚೆಂಡು ಮಾಡಿಕೊಂಡು ಆಡಿದರಂತೆ. ಅಂಧರ ಕ್ರಿಕೆಟ್ ಹುಟ್ಟಿದ್ದು ಹಾಗೆ. ಈಗಿನ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಬಾಲ್ ಬೇರಿಂಗ್ ಗುಂಡುಗಳು. ಬೌಲರ್ ಮೊದಲು ರೆಡಿಯಾ ಅಂತ ಕೇಳಬೇಕು, ಬ್ಯಾಟ್ಸ್‌ಮನ್ ಹೂಂ ಅಂದ ಮೇಲೆ 'ಪ್ಲೇ' ಅಂತ ಕೂಗಿ ಕೈ ಕೆಳಗಿನಿಂದ ನೆಲಕ್ಕೆ ತಾಗಿಸಿ ಎಸೆಯಬೇಕು. ಎದೆಯ ಮಟ್ಟದಲ್ಲಿ ತೇಲಿ ಬರುವ ಚೆಂಡಿಗೆ ಸದ್ದಿಲ್ಲ, ಉರುಳಿ ಬರುವ ಚೆಂಡಿಗೆ ಮಾತ್ರ ಸದ್ದು. 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂಧರ ಮೊದಲ ಟಿ-20 ವಿಶ್ವಕಪ್ ನಡೆದು, ಫೈನಲ್ಲಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಭಾರತ ಗೆದ್ದಾಗ ಕ್ಯಾಪ್ಟನ್ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ. 2017ರಲ್ಲಿ ಪದ್ಮಶ್ರೀ ಬಂತು. ಆ ಚೆಂಡಿನ ಗಿಲಿಗಿಲಿ ಅಲಂಕಾರಕ್ಕೆ ಸೇರಿಸಿದ ಸದ್ದಲ್ಲ. ಅದೇ ಚೆಂಡು.

ಕಂಪ್ಯೂಟರ್ ಆಟಕ್ಕೆ ಬರೋಣ. ಜಪಾನಿನ ಕೆಂಜಿ ಇನೊ ಎಂಬ ಆಟಗಾರಿಕೆ ನಿರ್ಮಾಪಕನಿಗೆ ಕಣ್ಣು ಕಾಣದವರೂ ತನ್ನ ಆಟಗಳನ್ನು ಹೇಗೋ ಕಷ್ಟಪಟ್ಟು ಆಡುತ್ತಾರೆ ಅಂತ ಗೊತ್ತಾಯ್ತು. 1997ರಲ್ಲಿ ಚಿತ್ರವೇ ಇಲ್ಲದ 'ರಿಯಲ್ ಸೌಂಡ್' ಅನ್ನುವ ಆಟ ಮಾಡಿದ. ಅದನ್ನು ಸೆಗಾ ಕಂಪನಿಗೆ ಕೊಡುವಾಗ ಕಣ್ಣು ಕಾಣದವರಿಗೆ ಒಂದು ಸಾವಿರ ಸೆಗಾ ಸ್ಯಾಟರ್ನ್ ಯಂತ್ರಗಳನ್ನು ದಾನ ಕೊಡಬೇಕು ಅಂತ ಷರತ್ತು ಹಾಕಿದ. ಒಳಗೆ ಬ್ರೈಲ್ ಕೈಪಿಡಿ. ಅವನು 2013ರಲ್ಲಿ ತೀರಿಕೊಂಡ. ಅದು ದೊಡ್ಡ ಕಂಪನಿಗಳ ಲೋಕ. ಮನೆಯಲ್ಲಿ ಕೂತು ಒಬ್ಬರೇ ಮಾಡುವವರದು ಬೇರೆ ಕಥೆ. ಕೆನಡಾದ ಡೇವಿಡ್ ಗ್ರೀನ್‌ವುಡ್ 2001ರ ಸುಮಾರಿಗೆ ಮಾಡಿದ 'ಶೇಡ್ಸ್ ಆಫ್ ಡೂಮ್' ಅನ್ನು ನಮ್ಮ ಮಾಣಿ ಈಗಲೂ ಭಕ್ತಿಯಿಂದ ಆಡ್ತಾನೆ. ಅದರಲ್ಲಿ ಪಕ್ಕದಲ್ಲಿ ದಾರಿ ಒಡೆದಿದ್ದರೆ ಅಲ್ಲಿಂದ ಗಾಳಿ ಬೀಸುವ ಸದ್ದು ಕೇಳುತ್ತೆ. ಗೋಡೆ ಇದ್ದರೆ ಇಲ್ಲ. ಎಷ್ಟು ಸರಳ! ನನಗಂತೂ ಎರಡು ತಿರುವಿಗೇ ದಾರಿ ತಪ್ಪಿ ಸತ್ತೆ :-(

ಇಂಥವರಿಗೆಲ್ಲ ಸದ್ದು ಎಲ್ಲಿಂದ? ಮೊದಮೊದಲು ರೇಡಿಯೋ, ಸಿನೆಮಾದವರಿಗೆ ಅಂತ ಮಾಡಿದ ಸೀಡಿಗಳಿಂದ. ಅವಕ್ಕೆ ಬೆಲೆ ಜಾಸ್ತಿ. ಹಾಗಾಗಿ ಒಂದೇ ಬಾಗಿಲು, ಒಂದೇ ಗುಂಡು ಹತ್ತಾರು ಆಟಗಳಲ್ಲಿ. ಸಿನೆಮಾದಲ್ಲೂ ಇದುಂಟು. 1951ರ 'ಡಿಸ್ಟಂಟ್ ಡ್ರಮ್ಸ್' ಚಿತ್ರಕ್ಕೆ ಮುದ್ರಿಸಿದ ಒಂದು ಕಿರುಚಾಟವನ್ನು 1977ರ 'ಸ್ಟಾರ್ ವಾರ್ಸ್'ನಲ್ಲಿ ಬೆನ್ ಬರ್ಟ್ ಮತ್ತೆ ಹಾಕಿ, 'ವಿಲ್‌ಹೆಲ್ಮ್ ಕಿರುಚು' ಅಂತ ಹೆಸರಿಟ್ಟ. ಆಮೇಲೆ ಅದು ನೂರಾರು ಚಿತ್ರಗಳಲ್ಲಿ ಸತ್ತಿದೆ. ಕಣ್ಣಿರುವವರಿಗೆ ಅದು ತಮಾಷೆ. ಮಾಣಿಗೆ ಹಾಗಲ್ಲ. ಮೂರು ಬೇರೆ ಬೇರೆ ಆಟದಲ್ಲಿ ಅದೇ ಬಾಗಿಲು ಕೇಳಿದರೆ ಮೂರೂ ಒಂದೇ ಮನೆ ಅನ್ನಿಸುತ್ತಂತೆ.

2005ರಲ್ಲಿ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು ಫ್ರೀಸೌಂಡ್ ಶುರು ಮಾಡಿದ ಮೇಲೆ ಬಾಗಿಲು ತೆರೆಯಿತು. ಯಾರು ಬೇಕಾದರೂ ತಾವು ಮುದ್ರಿಸಿದ ಸದ್ದನ್ನು ಹಾಕಬಹುದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಲೈಸೆನ್ಸ್ ನೋಡಿಕೊಳ್ಳಿ. ಸಿಸಿ ಜೀರೋ ಅಂತಿದ್ದರೆ ಏನೂ ತಕರಾರಿಲ್ಲ, ಕೆಲವಕ್ಕೆ ಹೆಸರು ಹೇಳಬೇಕು, ಇನ್ನು ಕೆಲವನ್ನು ದುಡ್ಡಿಗೆ ಮಾರುವ ಆಟದಲ್ಲಿ ಹಾಕುವ ಹಾಗಿಲ್ಲ. ಬಿಬಿಸಿಯವರು 2018ರಲ್ಲಿ ತಮ್ಮ ಕಣಜದಿಂದ 16 ಸಾವಿರದಷ್ಟು ಸದ್ದುಗಳನ್ನು ಬಿಟ್ಟರು. ಅದೂ ಸ್ವಂತಕ್ಕೆ, ಓದಿಗೆ, ಸಂಶೋಧನೆಗೆ ಮಾತ್ರ ಪುಕ್ಕಟೆ. ಐವತ್ತು ರೂಪಾಯಿಗೆ ಆಟ ಮಾರಿ ಹೊಸ ಹೆಡ್‌ಫೋನ್ ತಗೊಳ್ಳುವ ಆಸೆಯ ಹುಡುಗನಿಗೆ ಅಲ್ಲಿ ಕೈಹಾಕುವ ಹಾಗಿಲ್ಲ.

ಸಿಕ್ಕಿದ್ದೆಲ್ಲ ಕೆಲಸಕ್ಕೂ ಬರುವುದಿಲ್ಲ ಅಂತ ನಿಧಾನಕ್ಕೆ ಗೊತ್ತಾಯ್ತು. ಎಡದ ಸದ್ದು ಎಡಗಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಮುಂಚೆ ಮುಟ್ಟುತ್ತೆ, ಅಷ್ಟರಲ್ಲೇ ನಮ್ಮ ತಲೆ ದಿಕ್ಕು ಹಿಡಿಯುತ್ತೆ. ಆಟ ಮಾಡುವವನು ಆ ವ್ಯತ್ಯಾಸವನ್ನು ತಾನು ಹಾಕಬೇಕು. ಹಾಗಾಗಿ ಮೂಲ ಸದ್ದು ಮೋನೋ ಆಗಿರಬೇಕು, ಅದರಲ್ಲಿ ಕೋಣೆಯ ಮಾರ್ದನಿ ಸೇರಿರಬಾರದು. ಸುತ್ತಿ ಸುತ್ತಿ ಬರುವ ಸದ್ದಾದರೆ ತಲೆ ಬಾಲ ಕೂಡುವಲ್ಲಿ ಟಕ್ ಅನ್ನಬಾರದು. ಇಷ್ಟೆಲ್ಲ ಆದಮೇಲೂ ಅಲ್ಲಿ ಸಿಗುವ 'ಕಾಡು' ಯಾವ ದೇಶದ ಕಾಡೋ! ಒಂದರಲ್ಲಿ ಗೂಬೆ ಕೂಗಿದ್ದು ಕೇಳಿ ಮಾಣಿ ಇದು ನಮ್ಮ ಬದಿದಲ್ಲ ಅಂದ.

ಸರಿ, ನಾನೇ ಮುದ್ರಿಸ್ತೇನೆ ಅಂತ ಹೊರಟೆ. ಒಂದು ಸಣ್ಣ ರೆಕಾರ್ಡರ್ ತರಿಸಿದೆ. ಬೆಲೆ ಹೇಳುವುದಿಲ್ಲ, ಮನೆಯವಳು ಇದನ್ನೂ ಓದ್ತಾಳೆ. ಮೊದಲು ಹೋದದ್ದು ನಮ್ಮ ತಾಲೂಕಿನದೇ ಆದ ಉಂಚಳ್ಳಿಗೆ. ಅಘನಾಶಿನಿ 116 ಮೀಟರ್ ಧುಮುಕುವ ಜಾಗ. 1845ರಲ್ಲಿ ನೋಡಿದ ಲುಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರೂ ಅದಕ್ಕಿದೆ. ನಮ್ಮವರು ಇಟ್ಟ ಹೆಸರು ಕೆಪ್ಪ ಜೋಗ, ಹತ್ತಿರ ನಿಂತರೆ ಕಿವಿ ಕೆಪ್ಪಾಗುತ್ತೆ ಅಂತ. ಕಣ್ಣಿಗೆ ಬದಲು ಕಿವಿಗೆ ಕಂಡಂತೆ ಹೆಸರಿಟ್ಟ ಜಲಪಾತ! ಮಳೆಯಲ್ಲಿ ನೆನೆದು, ಉಂಬಳ ಕಚ್ಚಿಸಿಕೊಂಡು ಅರ್ಧ ತಾಸು ಮುದ್ರಿಸಿದೆ. ಮನೆಗೆ ತಂದು ಕೇಳಿದರೆ ಮತ್ತದೇ ಹಪ್ಪಳ. ಜಲಪಾತ, ಮಳೆ, ಕರಿಯುವ ಎಣ್ಣೆ, ಸಾವಿರ ಜನರ ಚಪ್ಪಾಳೆ ಎಲ್ಲವೂ ಕಿರಿದರಿಂದ ಹಿರಿದರವರೆಗಿನ ಸ್ವರಗಳು ಕಲಸಿಹೋದ ಒಂದೇ ಗದ್ದಲ. ಅವುಗಳೊಳಗಿನ ಪುಟ್ಟ ಪುಟ್ಟ ಸದ್ದು ಬಿಡಿಬಿಡಿಯಾಗಿ ಕೇಳಿದರೆ ಮಾತ್ರ ಇದು ಇಂಥದು ಅಂತ ತಿಳಿಯುವುದು.

ಆಮೇಲೆ ಮಾಣಿಯನ್ನೇ ಜತೆಗೆ ಕರಕೊಂಡು ಹೋದೆ. ಮಳೆ ಒಂದೇ ಅಲ್ಲ ಅನ್ನುವುದು ಆಗ ಗೊತ್ತಾಯ್ತು. ಹಂಚಿನ ಮೇಲೆ ಬಿದ್ದದ್ದು ಮಂದ್ರ, ಕೊಟ್ಟಿಗೆಯ ತಗಡಿನ ಮೇಲೆ ಕೂಗಾಟ, ತಗ್ಗಿನ ಗದ್ದೆ ನೀರಿನಲ್ಲಿ ಚಿಲಿಪಿಲಿ. ತೋಟದಲ್ಲಿ ಮಳೆ ಮೊದಲು ಮೇಲೆ ಬೀಳುತ್ತೆ, ಆಮೇಲೆ ಕೆಳಗೆ. ಅಡಿಕೆಗೆ ಕೊಳೆ ಬರದಿರಲಿ ಅಂತ ಕೊನೆಗೆ ಕೊಟ್ಟೆ ಕಟ್ಟುತ್ತೇವಲ್ಲ, ಹಿಂದೆ ಕರಡದ ಹುಲ್ಲಿನದು, ಈಗ ಪ್ಲಾಸ್ಟಿಕ್ಕಿನದು. ಆ ಪ್ಲಾಸ್ಟಿಕ್ಕಿನ ಮೇಲೆ ತಲೆಯಿಂದ ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಪಟಪಟ ಅನ್ನುವ ಸದ್ದು ಲೋಕದ ಯಾವ ಕಣಜದಲ್ಲೂ ಇರಲಾರದು. "ಇದು ಕೇಳಿದ್ರೆ ತೋಟ ಹೇಳಿ ಯಾರಿಗಾದ್ರೂ ಗೊತ್ತಾಗ್ತು" ಅಂದ. ನಮ್ಮ ಅಜ್ಜನ ಕಾಲದ ತೋಟದಲ್ಲಿ ಮಳೆ ಬೇರೆ ಥರ ಕೇಳುತ್ತಿತ್ತು ಅಂತ ಆಗ ಹೊಳೆಯಿತು. ಹುಲ್ಲಿನ ಕೊಟ್ಟೆಯ ಮಳೆಯನ್ನು ಯಾರಾದರೂ ಮುದ್ರಿಸಿದ್ದಾರಾ?

ಕಣ್ಣು ಕಳೆದುಕೊಂಡ ಜಾನ್ ಹಲ್ ಎಂಬ ಬರ್ಮಿಂಗ್‌ಹ್ಯಾಮಿನ ಪ್ರಾಧ್ಯಾಪಕರು 1990ರಲ್ಲಿ 'ಟಚಿಂಗ್ ದ ರಾಕ್' ಅಂತ ಪುಸ್ತಕ ಬರೆದರು. ಮಳೆ ಬಂದಾಗ ಮನೆ ಮುಂದಿನ ಗಿಡ, ಬೇಲಿ, ಮೆಟ್ಟಿಲು ಎಲ್ಲದರ ಆಕಾರವೂ ತನಗೆ ಸದ್ದಿನಲ್ಲಿ ಕಾಣುತ್ತೆ ಅನ್ನುವುದನ್ನು ಅದರಲ್ಲಿ ವಿವರಿಸಿದ್ದಾರೆ. ಮಾಣಿಗೆ ಓದಿ ಹೇಳಿದರೆ ಇದರಲ್ಲಿ ವಿಶೇಷ ಎಂತ ಅನ್ನುವ ಹಾಗೆ ಕೂತಿದ್ದ.

ಬೆಟ್ಟದ ಸದ್ದಿಗೆ ಕತ್ತಲೆಕಾನಿನ ಕಡೆ ಹೋಗಿದ್ದೆವು. ಸಿದ್ದಾಪುರ ತಾಲೂಕಿನ ಆ ರಾಮಪತ್ರೆ ಜಡ್ಡಿಯಿಂದಲೇ 2014ರಲ್ಲಿ ಕೆ.ವಿ. ಗುರುರಾಜ ಮತ್ತು ಅವರ ತಂಡ ಕುಂಬಾರ ಕಪ್ಪೆಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು. ಗಂಡು ಕಪ್ಪೆ ಮುಂಗಾಲಿನಲ್ಲಿ ಮಣ್ಣು ತೆಗೆದು ತನ್ನ ಮೊಟ್ಟೆಗೆ ಮೆತ್ತುತ್ತೆ, ಅದಕ್ಕೇ ಆ ಹೆಸರು. ರಾತ್ರಿ ಕಾಡಿನಲ್ಲಿ ಕಪ್ಪೆ ಹುಡುಕುವವರು ಮೊದಲು ನೆಚ್ಚುವುದು ಕಿವಿಯನ್ನೇ. ನಮಗೆ ಹತ್ತಾರು ಥರದ ಕೂಗು ಸಿಕ್ಕಿತು, ಯಾವುದು ಯಾರದು ಅಂತ ಹೇಳುವಷ್ಟು ವಿದ್ಯೆ ನನಗಿಲ್ಲ. ಆಟದಲ್ಲಿ ಕಪ್ಪೆ ಸದ್ದು ಹತ್ತಿರವಾದರೆ ನೀರು ಹತ್ತಿರ ಇದೆ ಅಂತ ಅರ್ಥ, ಅಷ್ಟು ಸಾಕು.

ಉಳಿದದ್ದು ಎಮ್ಮೆ. ಮುಖ್ಯವಾದದ್ದೇ ಅದು. ಹಿಂದೆ ದನ ಬೆಟ್ಟಕ್ಕೆ ಹೋಗುತ್ತಿದ್ದ ಕಾಲದಲ್ಲಿ ಒಂದೊಂದು ಮನೆಯ ದೊಂಟೆಗೂ ಒಂದೊಂದು ದನಿ, ದೂರದಿಂದ ಕೇಳಿಯೇ ಇದು ನಮ್ಮದು, ಇದು ಆಚೆಮನೆಯದು ಅನ್ನುತ್ತಿದ್ದರು. ಈಗ ಕೊಟ್ಟಿಗೆಯಿಂದ ಹೊರಬೀಳದ ದನಕ್ಕೆ ದೊಂಟೆ ಯಾಕೆ? ನಮ್ಮ ಮನೆಯದು ಗೋಡೆಯ ಮೊಳೆಯಲ್ಲಿ ಧೂಳು ತಿನ್ನುತ್ತಿತ್ತು. ಇಳಿಸಿ ಒರೆಸಿ, ಅಂಗಳದಲ್ಲಿ ಅಲ್ಲಾಡಿಸಿ ಮುದ್ರಿಸಿದೆ.

"ಇದು ಎಮ್ಮೆ ಅಲ್ಲ, ನೀನು" ಅಂದ ಮಾಣಿ.

ಮೇಯುವ ಎಮ್ಮೆಯ ದೊಂಟೆ ಲೊಟ್ ಅನ್ನುತ್ತೆ, ನಿಲ್ಲುತ್ತೆ, ಎರಡು ಸಲ ಲೊಟಲೊಟ ಅನ್ನುತ್ತೆ, ನೊಣ ಕೂತರೆ ಒಮ್ಮೆ ಜೋರಾಗುತ್ತೆ. ನನ್ನ ಕೈ ತಾಳ ಹಾಕಿದ ಹಾಗಿತ್ತಂತೆ. ಆಚೆಮನೆಯ ಎಮ್ಮೆಗೆ ಕಟ್ಟಿ ನೋಡಿದೆವು. ಹುಟ್ಟಿದಾಗಿಂದ ದೊಂಟೆ ಕಾಣದ ಪ್ರಾಣಿ, ಹೆದರಿ ಹಗ್ಗ ಕಿತ್ತುಕೊಂಡು ಓಡಿತು. ನಿಜವಾಗಿಯೂ ಸಂಜೆ ಮಳೆಯಲ್ಲಿ ಎಮ್ಮೆ ಹುಡುಕಿದ್ದಾಯ್ತು!!

ಕೊನೆಗೆ ಸದ್ದು ಸಿಕ್ಕಿದ್ದು ಅಟ್ಟದ ಮೇಲೆ. ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಹಳೇ ಕ್ಯಾಸೆಟ್ಟುಗಳಿದ್ದವು, ನಮ್ಮ ಮನೆಯಲ್ಲೇ ಎಂಬತ್ತರ ದಶಕದಲ್ಲಿ ಆದ ತಾಳಮದ್ದಳೆಯ ಮುದ್ರಣ. ನಾನು ಕೇಳುತ್ತಿದ್ದುದು ಅರ್ಥ. ಮಾಣಿ ಕೇಳುತ್ತಿದ್ದುದು ಅದರ ಹಿಂದೆ ಇದ್ದದ್ದನ್ನು. ಪೆಟ್ರೋಮ್ಯಾಕ್ಸ್ ಸುಯ್ಯೆನ್ನುವುದು, ಯಾರೋ ಕವಳದ ತಟ್ಟೆ ಸರಿಸಿದ್ದು, ಮಾಡಿನಿಂದ ಹನಿ ಬೀಳುವುದು. ಎರಡನೇ ಬದಿಯಲ್ಲಿ ಒಂದು ಪದ್ಯ ಮುಗಿದು ಅರ್ಥ ಶುರುವಾಗುವ ಮುಂಚೆ ಅವನು ಕೈ ಎತ್ತಿದ. ಹಿಂದೆ ಹಾಕಿ ಕೇಳಿದೆವು. ಕೊಟ್ಟಿಗೆಯ ಕಡೆಯಿಂದ ದೊಂಟೆ. ಲೊಟ್... ಲೊಟಲೊಟ... ಹನ್ನೊಂದು ಸೆಕೆಂಡು ಇರಬಹುದು.

ಅದರ ನಟ್ಟನಡುವೆ ಒಂದು ಕೆಮ್ಮು. ಅಪ್ಪಯ್ಯನದು. ಜಗಲಿಯ ಕಂಬಕ್ಕೆ ಒರಗಿ ಕೂತವನು ಎಡಗೈ ಬಾಯಿಗೆ ಅಡ್ಡ ಹಿಡಿದು ಎರಡು ಸಲ ಕೆಮ್ಮುತ್ತಿದ್ದ. ಅವನು ಹೋಗಿ ಹದಿನಾಲ್ಕು ವರ್ಷ ಆಯ್ತು, ಮಾಣಿಗೆ ಆಗ ಮೂರು. ನನಗೆ ಸ್ವಲ್ಪ ಹೊತ್ತು ಕೆಲಸ ಮಾಡಲಾಗಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಆ ಕೆಮ್ಮಿನ ತುಂಡನ್ನು ಗುರುತು ಮಾಡಿ ಬೇರೆ ತೆಗೆದಿಟ್ಟು, ದೊಂಟೆಯ ಎರಡು ತುದಿ ಜೋಡಿಸಲು ನೋಡ್ತಿದ್ದೆ.

"ಅಜ್ಜನ ಕೆಮ್ಮು ತೆಗಿಯಡ ಮಾವ. ಅದು ಬೇರೆ ಫೈಲಲ್ಲಿ ಇಡು. ಎಮ್ಮೆ ಹೊಡ್ಕಂಡು ಬಪ್ಪಕಾದ್ರೆ ಜಗಲಿ ಬದಿಂದ ಕೇಳವು. ಅದು ಕೇಳ್ದ ಕೂಡ್ಲೆ ಮನೆ ಬಂತು ಹೇಳಿ ಗೊತ್ತಾಗ್ತು."

ಹಾಗೇ ಮಾಡಿದೆವು. ಕ್ಯಾಸೆಟ್ಟಿನ ಸುಯ್‌ಗುಡುವಿಕೆ ಸ್ವಲ್ಪ ಇದೆ, ಪೂರ್ತಿ ತೆಗೆದರೆ ದೊಂಟೆಯೂ ಸೊರಗುತ್ತೆ, ಬಿಟ್ಟಿದ್ದೇವೆ. ಆಟ ಇನ್ನೂ ಮುಗಿದಿಲ್ಲ. ಸಂಕದ ಮೇಲಿನ ಹೆಜ್ಜೆ ಸರಿಯಾಗಿಲ್ಲ ಅಂತ ಎರಡು ಸಲ ಮರಳಿ ಕಳಿಸಿದ್ದಾನೆ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಎರಡನೇ ಹಂತದಲ್ಲಿ ಆಲೆಮನೆ ಬರುತ್ತೆ. ಈಗ ಎಲ್ಲ ಕಡೆ ಎಂಜಿನ್ನು, ನಮಗೆ ಬೇಕಾದದ್ದು ಕೋಣ ಕಟ್ಟಿ ತಿರುಗಿಸುವ ಗಾಣದ ಸದ್ದು. ಯಾರ ಮನೆಯ ಹಳೇ ಕ್ಯಾಸೆಟ್ಟಿನಲ್ಲೋ ಮದುವೆ ವಿಡಿಯೋದಲ್ಲೋ ಹಿಂದೆ ಎಲ್ಲಾದರೂ ಅದು ಕೇಳಿದರೆ, ಎಷ್ಟು ಸಣ್ಣ ತುಂಡಾದರೂ ಸರಿ, ತಿಳಿಸಿ. ವೇವ್ ಫೈಲಾದರೆ ಒಳ್ಳೆಯದು, ಎಂಪಿತ್ರೀ ಆದರೂ ಅಡ್ಡಿಲ್ಲೆ. ನಡುವೆ ಯಾರಾದರೂ ಮಾತಾಡಿದ್ದರೆ ಕತ್ತರಿಸದೆ ಹಾಗೇ ಕಳಿಸಿ.